ಮೈಕಿನಲ್ಲಿ ಕರೆದ ಹೆಸರುಗಳು

ಕುಮ್‌ಹೆಲಿಗ್‌ನಲ್ಲಿ ಎಮ್ಲಿನ್ ಪ್ರಾಸರ್ ಎಂದರೆ ಯಾರೆಂದು ತಕ್ಷಣ ಹೊಳೆಯುವುದಿಲ್ಲ. ನಮ್ಮ ವೆಲ್ಷ್ ಕಣಿವೆಯಲ್ಲಿ ಬೀದಿಗೆ ನಾಲ್ಕು ಜನ ಪ್ರಾಸರ್‌ಗಳಿದ್ದಾರೆ. ಹಾಲಿನ ಪ್ರಾಸರ್, ಚಾಪೆಲ್ ಪ್ರಾಸರ್, ಒಂಟಿ ಕಿವಿಯ ಪ್ರಾಸರ್. ಇವನು ಮೈಕ್ ಎಮ್ಲಿನ್. ಮೂವತ್ತೊಂದು ವರ್ಷ ನಮ್ಮ ರಗ್ಬಿ ಮೈದಾನದಲ್ಲಿ ಶನಿವಾರ ಮಧ್ಯಾಹ್ನ ಮೈಕು ಹಿಡಿದವನು. ಆಟಗಾರರ ಹೆಸರು, ಅಂಕ, ಲೈಟು ಆರಿಸದೆ ನಿಲ್ಲಿಸಿ ಬಂದ ಕಾರಿನ ನಂಬರು, ಯಾರೋ ಬೀಳಿಸಿಕೊಂಡ ಕೈಗವಸು, ಎಲ್ಲವೂ ಅವನ ಗಂಟಲಿನಿಂದಲೇ ಕಣಿವೆಗೆ ತಲುಪಬೇಕು. ನಾನು ಅದೇ ಮೈದಾನದ ಚಹಾ ಕಿಟಕಿಯಲ್ಲಿ ಇಪ್ಪತ್ತು ವರ್ಷ ನಿಂತವಳು. ಅವನ ಮರದ ಕೋಣೆ ನನ್ನ ಕಿಟಕಿಯ ನೇರ ಮೇಲಿತ್ತು. ಅವನು ಮೇಲೆ ಕೆಮ್ಮಿದರೂ ನನಗೆ ಕೆಳಗೆ ಕೇಳುತ್ತಿತ್ತು.

ಅವನಿಗೆ ಆಡಲು ಬರುತ್ತಿರಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಎರಡನೇ ತಂಡಕ್ಕೆ ಎರಡೇ ಎರಡು ಪಂದ್ಯ ಆಡಿದ್ದ. ಎರಡನೆಯದರಲ್ಲಿ ದಟ್ಟ ಮಂಜು. ಚೆಂಡು ಹಿಡಿದವನು ಅರ್ಧ ಮೈದಾನ ತಪ್ಪು ದಿಕ್ಕಿಗೆ ಓಡಿಬಿಟ್ಟ. "ನೀನು ಓಡೋದು ಬೇಡ ಮಾರಾಯ, ನಿಂತಲ್ಲೇ ಕೂಗು, ಅಷ್ಟು ಸಾಕು" ಎಂದು ಕ್ಯಾಪ್ಟನ್ ಹೇಳಿದನಂತೆ. ಕೂಗುವುದು ಅವನಿಗೆ ಬರುತ್ತಿತ್ತು. ಚಿಕ್ಕಂದಿನಿಂದ ಚಾಪೆಲ್‌ನಲ್ಲಿ ಬೈಬಲ್ ವಚನ ಹೇಳಿ ಪಳಗಿದ ಗಂಟಲು. ಮುಂದೆ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ. ಪ್ರತಿ ನಿಲ್ದಾಣದ ಹೆಸರನ್ನೂ ಪ್ರಾರ್ಥನೆಗೆ ಕರೆಯುವವನ ಹಾಗೆ ಕರೆಯುತ್ತಿದ್ದ. ಕುರುಡಿ ಮಿಸೆಸ್ ಪ್ರೈಸ್ ಬೇರೆ ಬಸ್ಸು ಬಂದರೆ ಹತ್ತುತ್ತಲೇ ಇರಲಿಲ್ಲ.

ಅವನು ಮೈಕು ಹಿಡಿದ ಕಾಲದಲ್ಲಿ ನಮ್ಮಲ್ಲಿ ತವರು ಪಂದ್ಯವೆಂದರೆ ಎರಡು ಸಾವಿರ ಜನ. ತಗಡಿನ ಚಾವಣಿಯ ಅಡಿಯಲ್ಲಿ ಜಾಗ ಸಾಲದೆ ಎದುರಿನ ದಿಬ್ಬದ ಮೇಲೆ ಟೋಪಿಗಳೇ ಟೋಪಿಗಳು. ದ್ವಿತೀಯಾರ್ಧದ ನಡುವೆ ಗೇಟಿನ ಗ್ವೆಂಡಾ ಚೀಟಿಯಲ್ಲಿ ಜನರ ಲೆಕ್ಕ ಬರೆದು ಕಳಿಸುವಳು. ಎಮ್ಲಿನ್ ಅದನ್ನು ಮೊದಲು ವೆಲ್ಷ್‌ನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದುವನು. ಜನ ತಮಗೆ ತಾವೇ ಚಪ್ಪಾಳೆ ತಟ್ಟಿಕೊಳ್ಳುವರು. ಆಮೇಲೆ ಗಣಿ ಮುಚ್ಚಿತು. ಜಿಪ್ಪು ಮಾಡುವ ಕಾರ್ಖಾನೆ ಬಂತು, ಅದೂ ಹೋಯಿತು. ಹುಡುಗರು ದುಡಿಮೆ ಹುಡುಕಿಕೊಂಡು ಕಾರ್ಡಿಫ್ ಕಡೆ ಇಳಿದರು. ಚೀಟಿಯ ಸಂಖ್ಯೆ ಎಂಟುನೂರಾಯಿತು, ಮುನ್ನೂರಾಯಿತು, ಒಂದು ದಿನ ನೂರರ ಕೆಳಗೆ ಇಳಿಯಿತು.

ಆ ದಿನವೂ ಚೀಟಿ ಎಮ್ಲಿನ್ ಕೈಗೆ ಹೋಯಿತು. ತೊಂಬತ್ತಮೂರು ಎಂದು ಬರೆದಿತ್ತು. ಅವನು ನೂರ ಮೂವತ್ತಮೂರು ಎಂದು ಓದಿದ.

"ಏನು ಎಮ್, ಗ್ವೆಂಡಾಗೆ ಎಣಿಸೋಕೆ ಬರಲ್ವಾ?" ಎಂದು ಆಟ ಮುಗಿದ ಮೇಲೆ ಕೇಳಿದೆ.

"ಹುಡುಗರು ಮಳೇಲಿ ಒದ್ದಾಡ್ತಿದ್ರು ಮೈರಾ. ನಲವತ್ತು ಜನ ಹೆಚ್ಗೆ ಹೇಳಿದ್ರೆ ಯಾರ ಮನೆ ಹಾಳಾಗುತ್ತೆ?"

ಯಾರ ಮನೆಯೂ ಹಾಳಾಗಲಿಲ್ಲ. ಅಲ್ಲಿಂದ ಅದು ಅಭ್ಯಾಸವಾಯಿತು. ಅರವತ್ತು ಜನ ಬಂದರೆ ನೂರೆಂಬತ್ತು, ಐವತ್ತು ಬಂದರೆ ಇನ್ನೂರು. ಜನ ಇಳಿದಷ್ಟೂ ಅವನ ಸಂಖ್ಯೆ ಏರುತ್ತಿತ್ತು. ನಾವೆಲ್ಲ ಒಳಗೊಳಗೇ ನಗುತ್ತಿದ್ದೆವು. ಅವನ ಹೆಂಡತಿ ಓಲ್ವೆನ್ ಮಾತ್ರ ಮುಖಕ್ಕೆ ಹೇಳಿದಳು: "ಭಾನುವಾರ ಚಾಪೆಲ್‌ನಲ್ಲಿ ನಿಂತು ಬೈಬಲ್ ಓದ್ತೀಯ, ಶನಿವಾರ ಮೈಕಿನಲ್ಲಿ ಸುಳ್ಳು ಓದ್ತೀಯ. ಗಂಟಲು ಒಂದೇ ಅಲ್ವಾ?"

ಇಲ್ಲಿ ಹೆಡ್ಲಿ ಮ್ಯಾಡಕ್‌ನ ವಿಷಯ ಹೇಳಬೇಕು. ಹೆಡ್ಲಿ ನಮ್ಮ ತಂಡಕ್ಕೆ ಇನ್ನೂರ ಹನ್ನೊಂದು ಪಂದ್ಯ ಆಡಿದವನು. ಬೆನ್ನ ಮೇಲೆ ಎಂಟನೇ ನಂಬರು. ಅವನ ಹೆಸರನ್ನು ಎಮ್ಲಿನ್ ಕರೆಯುವಾಗ "ಮ್ಯಾಡಕ್" ಎಂಬುದನ್ನು ಎಳೆದು ಎಳೆದು ದಿಬ್ಬದ ಆಚೆ ಮುಟ್ಟಿಸುತ್ತಿದ್ದ. ಹೆಡ್ಲಿಯ ಹೆಂಡತಿ ಡೆಲಿತ್ ನನ್ನ ಚಿಕ್ಕಪ್ಪನ ಮಗಳು. ಅವರ ಒಬ್ಬನೇ ಮಗ ಯೆಸ್ಟಿನ್ ಕೂಡ ಇದೇ ಮೈದಾನದಲ್ಲಿ ಆಡಲು ಬಂದ. ಇಪ್ಪತ್ತೊಂದನೇ ವಯಸ್ಸಿನಲ್ಲಿ, ಮಾರ್ಚ್ ತಿಂಗಳ ಒಂದು ಪಂದ್ಯದಲ್ಲಿ, ಎರಡು ಕಡೆಯ ಎಂಟೆಂಟು ಜನ ತಲೆ ತೂರಿಸಿ ತಳ್ಳುವ ಸ್ಕ್ರಮ್ ಕುಸಿದು ಬಿತ್ತು. ಹದಿನೈದು ಜನ ಎದ್ದರು. ಯೆಸ್ಟಿನ್ ಏಳಲಿಲ್ಲ. ಕತ್ತು ಮುರಿದಿತ್ತು. ಆಂಬುಲೆನ್ಸು ಬರುವವರೆಗೆ ಹೆಡ್ಲಿ ಮಗನ ತಲೆಯ ಪಕ್ಕ ಕೆಸರಿನಲ್ಲಿ ಅಂಗಾತ ಮಲಗಿದ್ದ, ಮಗ ನೋಡುತ್ತಿದ್ದ ಆಕಾಶವನ್ನೇ ನೋಡುತ್ತ.

ಹುಡುಗ ಬದುಕಿದ. ಗಾಲಿಕುರ್ಚಿ, ಭುಜದಿಂದ ಮೇಲೆ ಅಲ್ಪಸ್ವಲ್ಪ ಚಲನೆ, ಒಂದು ಕೈಯ ಎರಡು ಬೆರಳು. ಹೆಡ್ಲಿ ಆಮೇಲೂ ಪ್ರತಿ ಶನಿವಾರ ಕ್ಲಬ್ಬಿಗೆ ಬರುತ್ತಿದ್ದ. ಬರುವುದು ಮೈದಾನಕ್ಕಲ್ಲ, ಕ್ಲಬ್ಬಿನ ಬಾರಿಗೆ. ಮೈದಾನಕ್ಕೆ ಮುಖ ಮಾಡಿದ ದೊಡ್ಡ ಕಿಟಕಿಗೆ ಬೆನ್ನು ಹಾಕಿ ಕೂತು ಒಂದು ಲೋಟ ಬೀರು ಮುಗಿಸಿ ಹೋಗುತ್ತಿದ್ದ. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಎಮ್ಲಿನ್‌ಗೂ.

ನಾನು ಹೇಳಹೊರಟ ಶನಿವಾರ ಅದಾಗಿ ಮೂರು ವರ್ಷಕ್ಕೆ ಬಂತು. ನವೆಂಬರ್ ತಿಂಗಳು. ಮೊದಲು ನೀರು ನಿಂತು ರದ್ದಾದ ಪಂದ್ಯವನ್ನು ಆ ದಿನಕ್ಕೆ ಹಾಕಿದ್ದರು. ಅದೇ ಹೊತ್ತಿಗೆ ಕಾರ್ಡಿಫ್‌ನಲ್ಲಿ ದೇಶದ ತಂಡದ ಆಟ, ಟೀವಿಯಲ್ಲಿ ನೇರ ಪ್ರಸಾರ. ದಿನ ಬದಲಿಸಿ ಎಂದು ನಮ್ಮವರು ಕೇಳಿದರೂ ಎದುರಾಳಿ ಅಬರ್‌ಗೊರ್ಸೆನ್ ಕ್ಲಬ್ಬಿನವರು ಒಪ್ಪಲಿಲ್ಲ. ಅವರು ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದರು. ಎರಡು ಬಸ್ಸು ತುಂಬ ಬೆಂಬಲಿಗರನ್ನು ತಂದರು. ಹಳದಿ ಮಫ್ಲರು, ಡೋಲು, ಕಹಳೆ. ಅಜ್ಜಿಯರೂ ಬಂದಿದ್ದರು. ನನ್ನ ವೆಲ್ಷ್ ಕೇಕುಗಳು ಆಟ ಶುರುವಾಗುವ ಮೊದಲೇ ಖಾಲಿಯಾದವು, ಒಂದನ್ನೂ ನಮ್ಮವರು ತಿನ್ನಲಿಲ್ಲ.

ನಮ್ಮವರೆಲ್ಲ ಬಾರಿನಲ್ಲಿದ್ದರು. ಮೈದಾನದಿಂದ ಐವತ್ತು ಹೆಜ್ಜೆ. ಟೀವಿಯ ಮೇಲೆ ಬೆಳಕು ಬೀಳುತ್ತದೆಂದು ದೊಡ್ಡ ಕಿಟಕಿಯ ಪರದೆಯನ್ನೂ ಎಳೆದುಬಿಟ್ಟಿದ್ದರು. ಒಳಗೆ ನೂರಕ್ಕೂ ಹೆಚ್ಚು ಜನ. ಆಗಾಗ ಗೋಡೆಯ ಆಚೆಯಿಂದ ಹೋ ಎಂಬ ಕೂಗು ಬರುತ್ತಿತ್ತು. ನಮ್ಮ ಹುಡುಗರು ಚೆಂಡು ಬೀಳಿಸಿದಾಗಲೇ ಒಂದು ಸಲ ಅಂಥ ಕೂಗು ಬಂದು, ನಮ್ಮ ಕ್ಯಾಪ್ಟನ್ ಗೆತಿನ್ ಒಂದು ಕ್ಷಣ ತಲೆಯೆತ್ತಿ ನೋಡಿದ. ತನಗೇ ಇರಬೇಕೆಂದುಕೊಂಡಿದ್ದ.

ಮಳೆಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಹವೆಯ ನೆಪ ಹೇಳುವಂತಿರಲಿಲ್ಲ. ತಗಡಿನ ಚಾವಣಿಯ ಒಂದು ಮೂಲೆಯಲ್ಲಿ ನಮ್ಮ ಕಡೆಯವರು ಅಲ್ಲಲ್ಲಿ ಕೂತಿದ್ದರು. ಹತ್ತಿರ ಹತ್ತಿರ ಕೂತಿದ್ದರೂ ಚೆನ್ನಾಗಿತ್ತು. ಅವರೋ ತಲೆಮಾರಿನಿಂದ ತಮ್ಮ ಮನೆತನ ಕೂರುವ ಜಾಗಗಳನ್ನು ಬಿಡಲೊಲ್ಲರು, ಹಾಗಾಗಿ ಬಾಯಲ್ಲಿ ಉಳಿದ ಹಲ್ಲುಗಳ ಹಾಗೆ ಕಾಣುತ್ತಿದ್ದರು.

ದ್ವಿತೀಯಾರ್ಧದಲ್ಲಿ ಗ್ವೆಂಡಾ ಚೀಟಿ ಕಳಿಸಿದಳು. ಅದರಲ್ಲಿ ಏನಿತ್ತೆಂದು ನನಗೆ ಗೊತ್ತು. ಅದು ನನ್ನ ಕೈ ದಾಟಿಯೇ ಮೇಲೆ ಹೋಗಬೇಕಿತ್ತು. ಅವರ ಕಡೆ ತೊಂಬತ್ತೆಂಟು. ನಮ್ಮ ಕಡೆ ಮೂವತ್ತೊಂಬತ್ತು.

"ಎಮ್, ಇವತ್ತು ಬಿಟ್ಬಿಡು. ಹೇಳಲೇಬೇಡ" ಎಂದು ಮೆಟ್ಟಿಲ ಕೆಳಗಿನಿಂದ ಹೇಳಿದೆ.

"ಹೇಳದೆ ಇದ್ರೆ ಅವರಿಗೆ ಗೊತ್ತಾಗಲ್ವಾ?" ಎಂದ. ಮೈಕು ಚಾಲೂ ಮಾಡಿದ ಸದ್ದು ಕೇಳಿಸಿತು. "ಇಂದಿನ ಪಂದ್ಯಕ್ಕೆ ಬಂದು ನಮ್ಮನ್ನು ಪ್ರೋತ್ಸಾಹಿಸಿದವರ ಸಂಖ್ಯೆ, ಕುಮ್‌ಹೆಲಿಗ್ ಬೆಂಬಲಿಗರು ಮಾತ್ರ, ಮುನ್ನೂರ ಹನ್ನೆರಡು."

 ಆಮೇಲೆ ಹಳದಿ ಮಫ್ಲರಿನ ಸಾಲಿನಿಂದ ಒಬ್ಬ ದಪ್ಪ ಗಂಟಲಿನವನು ಎದ್ದು ನಿಂತ.

"ಎಷ್ಟಂದ?"

"ಮುನ್ನೂರ ಹನ್ನೆರಡಂತೆ!"

"ಕುರೀನೂ ಸೇರಿಸ್ಕೊಂಡ್ನೇನೋ!"

"ತಾಳ್ರೋ, ಎಣಿಸೋಣ!" ಎಂದು ಅವನು ನಮ್ಮ ಮೂಲೆಯ ಕಡೆ ಬೆರಳು ಚಾಚಿದ. "ಒಂದು!"

ಅವನ ಹಿಂದೆ ಇಡೀ ಗುಂಪು ಎದ್ದಿತು. ತೊಂಬತ್ತೆಂಟು ಜನ ಒಂದೇ ದನಿಯಲ್ಲಿ, ಒಬ್ಬೊಬ್ಬರ ಮೇಲೂ ಬೆರಳಿಟ್ಟು, ಎಣಿಸತೊಡಗಿದರು. ಎರಡು! ಮೂರು! ಡೋಲು ಬೇರೆ. ನಮ್ಮವರು ಕೂತಲ್ಲೇ ಕುಗ್ಗಿದರು. ಹನ್ನೊಂದನೆಯವಳು ನಮ್ಮ ಟೀಚರ್ ಮಿಸ್ ಆನೋನಾ, ಎಂಬತ್ತು ದಾಟಿದವಳು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಇಪ್ಪತ್ತೇಳಕ್ಕೆ ಒಬ್ಬ ಶೌಚಾಲಯದಿಂದ ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತ ಹೊರಬಂದ. ಅವನಿಗೆ ಜಯಕಾರ ಬಿತ್ತು. ಮೂವತ್ತೆಂಟು ನಾನು. ನನ್ನ ಕಡೆ ಬೆರಳು ತಿರುಗಿದಾಗ ಚಹಾದ ಕೆಟಲಿನ ಹಿಂದೆ ಬಗ್ಗಿದೆ. ಬಗ್ಗಿದೆನಲ್ಲ ಎಂದು ಆಮೇಲೆ ಇನ್ನಷ್ಟು ನಾಚಿಕೆಯಾಯಿತು. ಮೂವತ್ತೊಂಬತ್ತಕ್ಕೆ ಅವರು ಎಮ್ಲಿನ್‌ನ ಕೋಣೆಯ ಕಡೆಗೇ ಕೈ ತೋರಿಸಿ ಕೂಗಿ, "ಮುಗೀತು!" ಎಂದು ಡೋಲು ಬಾರಿಸಿ ಕೂತರು.

ಮೈದಾನದಲ್ಲಿ ಆಟ ನಿಂತಿತ್ತು. ಯಾರಿಗೋ ಪೆಟ್ಟಾಗಿ ಉಪಚಾರ ನಡೆದಿತ್ತು. ನಮ್ಮ ಹದಿನೈದು ಹುಡುಗರು ಸೊಂಟದ ಮೇಲೆ ಕೈಯಿಟ್ಟು ನಿಂತು ಎಲ್ಲ ಕೇಳಿದರು. ಗೆತಿನ್ ನೆಲ ನೋಡುತ್ತ ಬೂಟಿನಿಂದ ಹುಲ್ಲು ಕೆದಕುತ್ತಿದ್ದ. ಅದೇ ಹೊತ್ತಿಗೆ ಬಾರಿನಿಂದ ಮತ್ತೊಂದು ದೊಡ್ಡ ಕೂಗು. ಟೀವಿಯಲ್ಲಿ ಯಾರೋ ಅಂಕ ಗಳಿಸಿರಬೇಕು.

ಮೇಲೆ ಮೈಕು ಮತ್ತೆ ಚಾಲೂ ಆಯಿತು. ಎಮ್ಲಿನ್‌ನ ಉಸಿರಾಟ ನಾಲ್ಕು ದಿಕ್ಕಿನ ಸ್ಪೀಕರುಗಳಲ್ಲೂ ಕೇಳಿತು. ನಾಲ್ಕನೆಯ ಸ್ಪೀಕರು ಬಾರಿನ ಬಾಗಿಲ ಮೇಲೆಯೇ ಇತ್ತು.

"ಸುಳ್ಳು ಹೇಳಿದೆ. ನಾವು ಮೂವತ್ತೊಂಬತ್ತೇ" ಎಂದ. "ಉಳಿದೋರು ಎಲ್ಲಿದ್ದಾರೆ ಅಂತ ಅತಿಥಿಗಳಿಗೆ ಹೇಳ್ತೀನಿ. ಆ ಪರದೆ ಹಿಂದೆ ಇದ್ದಾರೆ. ಕ್ಲಬ್ಬಿನ ಅಧ್ಯಕ್ಷ ರೈಸ್ ಬೊವೆನ್ ಇದ್ದಾರೆ. ಮಾಜಿ ಕಾರ್ಯದರ್ಶಿ ಗ್ಲಿನ್ ಪಾರಿ ಇದ್ದಾರೆ. ವಿಂಡಮ್ ರೀಸ್ ಇದ್ದಾನೆ, ಇಲ್ಲಿ ಅವನ ಹೆಂಡತಿ ಚಳೀಲಿ ಚಹಾ ಮಾರ್ತಿದ್ದಾಳೆ."

ವಿಂಡಮ್ ನನ್ನ ಗಂಡ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹೇಳು ಎಮ್, ಹೇಳು, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವನು ಹೇಳುತ್ತಲೇ ಹೋದ. ಬಾರಿನಲ್ಲಿ ಯಾರು ಎಲ್ಲಿ ಕೂರುತ್ತಾರೆಂಬುದು ಅವನಿಗೆ ಬಾಯಿಪಾಠ. ಒಂದೊಂದು ಮೇಜನ್ನೂ ಮನಸ್ಸಿನಲ್ಲಿ ನೋಡುತ್ತ, ಆಟಗಾರರ ಪಟ್ಟಿ ಓದುವ ಅದೇ ರಾಗದಲ್ಲಿ, ಹೆಸರಿನ ಮೇಲೆ ಹೆಸರು. ತನ್ನ ಅಳಿಯನನ್ನೂ ಬಿಡಲಿಲ್ಲ. ಹಳದಿ ಮಫ್ಲರಿನವರು ಪ್ರತಿ ಹೆಸರಿಗೂ ಡೋಲು ಬಾರಿಸಿದರು.

"ಕಿಟಕಿಗೆ ಬೆನ್ನು ಹಾಕಿ," ಎಂದ ಎಮ್ಲಿನ್, "ಹೆಡ್ಲಿ ಮ್ಯಾಡಕ್."

ಹಳೆಯ ಕಾಲದಲ್ಲಿ ಕರೆಯುತ್ತಿದ್ದ ಹಾಗೇ ಎಳೆದು ಕರೆದ. ಆ ಹೆಸರು ದಿಬ್ಬಕ್ಕೆ ಬಡಿದು ತಿರುಗಿ ಬಂತು. ಡೋಲು ಡಬ್ ಎಂದಿತು. ಪಾಪ, ಅವರಿಗೇನು ಗೊತ್ತು.

ನಮ್ಮ ಮೂಲೆಯಲ್ಲಿ ಮಿಸ್ ಆನೋನಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಖುಷಿ ಅಲ್ಲಿಗೇ ಮುಗಿಯಿತು. ಮೇಲೆ ಎಮ್ಲಿನ್‌ಗೂ ಆಗಲೇ ಗೊತ್ತಾಗಿರಬೇಕು. ಮುಂದಿನ ಹೆಸರು ಬರಲಿಲ್ಲ. ಮೈಕು ಆರಿಸುವುದನ್ನೂ ಮರೆತಿದ್ದ. "ಅಯ್ಯೋ ದೇವರೇ" ಎಂದು ಅವನು ತನಗೆ ತಾನೇ ಹೇಳಿಕೊಂಡದ್ದು ಕಣಿವೆಗೆಲ್ಲ ಕೇಳಿತು.

ಬಾರಿನ ಬಾಗಿಲು ತೆರೆಯಿತು. ಒಬ್ಬೊಬ್ಬರೇ ಹೊರಬಂದರು. ಕೈಯಲ್ಲಿ ಅರ್ಧ ಲೋಟ, ಮುಖ ಕೆಂಪು. ಕೆಲವರಿಗೆ ಸಿಟ್ಟು, ಹೆಚ್ಚಿನವರಿಗೆ ಎಲ್ಲಿ ನೋಡಬೇಕೆಂದೇ ತಿಳಿಯದು. ಬಂದು ಮೈದಾನದ ಸುತ್ತಲಿನ ತಂತಿಯ ಉದ್ದಕ್ಕೂ ನಿಂತರು. ಕೊನೆಗೆ ಹೆಡ್ಲಿ ಬಂದ. ಜನ ತಾವಾಗಿಯೇ ಸರಿದು ದಾರಿ ಬಿಟ್ಟರು. ಅವನು ತಂತಿಯ ಹತ್ತಿರ ಬಂದು, ಮೂರು ವರ್ಷದ ಮೇಲೆ ಮೊದಲ ಸಲ, ಮೈದಾನವನ್ನು ನೋಡಿದ. ದಿಬ್ಬದ ಕಡೆಯ ಗೆರೆಯಿಂದ ಹತ್ತು ಹೆಜ್ಜೆ ಒಳಗೆ, ಮಗ ಬಿದ್ದ ಆ ಜಾಗವನ್ನು. ಎಷ್ಟು ಹೊತ್ತು ನೋಡಿದನೋ. ಆಮೇಲೆ ಟೋಪಿ ಸರಿಮಾಡಿಕೊಂಡು ಗೇಟಿನ ಕಡೆ ನಡೆದ. ಎಮ್ಲಿನ್‌ನ ಕೋಣೆಯತ್ತ ತಲೆಯೆತ್ತಲಿಲ್ಲ.

ಪಂದ್ಯ ಮೂವತ್ತೊಂದು-ಆರರಿಂದ ಸೋತೆವು. ಕೊನೆಯ ಇಪ್ಪತ್ತು ನಿಮಿಷ ಅಂಕಗಳನ್ನು ಯಾರೂ ಹೇಳಲಿಲ್ಲ. ನಾನು ಮೇಲೆ ಹೋಗಿ ನೋಡಿದೆ. ಎಮ್ಲಿನ್ ಕುರ್ಚಿಯ ಮೇಲೆ ಮೊಣಕಾಲಿನ ನಡುವೆ ಕೈ ತೂರಿಸಿಕೊಂಡು ಕೂತಿದ್ದ.

"ನನ್ನ ಬಾಯಿಂದ ಹೇಗೆ ಬಂತು ಮೈರಾ?"

"ಸಾಲಾಗಿ ಬಂತು. ಅವನೂ ಸಾಲಿನಲ್ಲಿದ್ದ."

"ನಂಗೆ ಗೊತ್ತಿತ್ತು. ಗೊತ್ತಿಲ್ದೆ ಹೇಳಿದ್ರೆ ಬೇರೆ ಮಾತು. ಆ ಕುರ್ಚೀನ ಕಣ್ಮುಂದೆ ಇಟ್ಕೊಂಡೇ ಹೇಳಿದೆ."

ಓಲ್ವೆನ್ ಆ ದಿನ ಅವನನ್ನು ಬಯ್ಯಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಭಾನುವಾರ ಚಾಪೆಲ್‌ನಲ್ಲಿ ಅವನ ಓದಿನ ಸರದಿ. ಎದ್ದು ನಿಂತವನು ಪುಸ್ತಕ ತೆರೆದು, ಮುಚ್ಚಿ, ಕೂತುಬಿಟ್ಟ. ಚಾಪೆಲ್ ಪ್ರಾಸರ್ ಬಂದು ಓದಿ ಮುಗಿಸಿದ.

ಸೋಮವಾರ ಬೆಳಿಗ್ಗೆ ಅವನು ನನ್ನ ಮನೆ ಬಾಗಿಲಿಗೆ ಬಂದ. ಕೋಟು, ಟೈ, ಮೈಯಲ್ಲಿ ಇಸ್ತ್ರಿಯ ವಾಸನೆ. "ನಿನ್ನ ತಂಗಿ ಡೆಲಿತ್ ಮನೆಗೆ ಹೋಗ್ಬೇಕು. ಒಬ್ಬನೇ ಹೋಗೋಕೆ ಆಗ್ತಿಲ್ಲ, ಜೊತೆಗೆ ಬಾ" ಎಂದ.

ಮ್ಯಾಡಕ್‌ರ ಮನೆ ಗ್ರೇಗ್ ಸಾಲಿನಲ್ಲಿ, ಗುಡ್ಡದ ಅಂಚಿನಲ್ಲಿ. ಅಲ್ಲಿಂದ ಕೆಳಗೆ ಇಡೀ ಮೈದಾನ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ. ಡೆಲಿತ್ ಬಾಗಿಲು ತೆರೆದಳು. ನನ್ನನ್ನು ನೋಡಿ ತಲೆಯಾಡಿಸಿದಳು. ಅವನನ್ನು ನೋಡಿ, "ಎಮ್ಲಿನ್ ಪ್ರಾಸರ್" ಎಂದಳು, ಪೂರ್ತಿ ಹೆಸರು. ಕೋರ್ಟಿನಲ್ಲಿ ಕರೆಯುವ ಹಾಗಿತ್ತು. ಒಳಗೆ ಬಿಟ್ಟಳು, ಚಹಾ ಬೇಕಾ ಎಂದು ಕೇಳಲಿಲ್ಲ. ನಮ್ಮ ಕಣಿವೆಯಲ್ಲಿ ಸಾವಿನ ಮನೆಯಲ್ಲೂ ಕೇಳುತ್ತಾರೆ.

ಮುಂದಿನ ಕೋಣೆಯನ್ನೇ ಯೆಸ್ಟಿನ್‌ನ ಮಲಗುವ ಕೋಣೆ ಮಾಡಿದ್ದರು. ಅವನು ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದ. ಗಡ್ಡ ಬಿಟ್ಟಿದ್ದ. ಮುಂದೆ ಮೂರು ಕಾಲಿನ ಕಂಬದ ಮೇಲೆ ಒಂದು ದುರ್ಬೀನು. ಎಮ್ಲಿನ್ ಅದನ್ನು ನೋಡಿದ, ಕಿಟಕಿಯಿಂದ ಕೆಳಗೆ ನೋಡಿದ.

"ಬಾ ಅಂಕಲ್ ಎಮ್" ಎಂದ ಯೆಸ್ಟಿನ್. "ಕೂತ್ಕೋ. ನಾನಂತೂ ಕೂತೇ ಇದ್ದೀನಿ."

ಎಮ್ಲಿನ್ ಕೂರಲಿಲ್ಲ. "ನೀನು ಇಲ್ಲಿಂದ..."

"ಪ್ರತಿ ಶನಿವಾರ. ನಾನೂ ಎಣಿಸ್ತೀನಿ. ಅಕ್ಟೋಬರ್ ಮೊದಲ ವಾರ ನೀನು ಇನ್ನೂರ ನಲವತ್ತು ಅಂದೆ. ಇದ್ದದ್ದು ಐವತ್ತಮೂರು. ಗೋಲುಕಂಬದ ಹಿಂದೆ ನಾಯಿ ಹಿಡ್ಕೊಂಡು ನಿಂತವರನ್ನೂ ಸೇರಿಸಿಯೇ. ಮೊನ್ನೆ ನಲವತ್ತೊಂದು, ದಿಬ್ಬದ ಮೇಲೆ ಇಬ್ಬರಿದ್ರು, ಆ ಹಳದಿಯವರಿಗೆ ಕಾಣಲಿಲ್ಲ."

ಎಮ್ಲಿನ್‌ನ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ತಾನು ಹುಡುಗರ ಮನಸ್ಸು ನೋಯದಿರಲೆಂದು ಕೂಡಿಸಿದ ಸಂಖ್ಯೆಗಳನ್ನೆಲ್ಲ, ಅದೇ ಮೈದಾನದಲ್ಲಿ ಕತ್ತು ಮುರಿದುಕೊಂಡ ಹುಡುಗನೊಬ್ಬ ಮೇಲಿನಿಂದ ಒಂದೊಂದಾಗಿ ಸುಳ್ಳೆಂದು ಗುರುತು ಹಾಕಿಕೊಳ್ಳುತ್ತಿದ್ದ.

"ನೀನು ಯಾಕೆ ಯಾರಿಗೂ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ? ಮೊದಲ ಕ್ರಿಸ್‌ಮಸ್‌ಗೆ ತಂಡದವರೆಲ್ಲ ಬಂದಿದ್ರು. ಎರಡನೇದಕ್ಕೆ ಗೆತಿನ್ ಒಬ್ಬ ಬಂದ. ನಾನು ಯಾರನ್ನೂ ಬಯ್ತಿಲ್ಲ ಅಂಕಲ್ ಎಮ್. ನನ್ನ ನೋಡಿದ್ರೆ ಅವರಿಗೆ ಕಷ್ಟ ಆಗುತ್ತೆ. ಸ್ಕ್ರಮ್‌ಗೆ ತಲೆ ಹಾಕೋರು ಅವರು." ಅವನು ಎರಡು ಬೆರಳಿನಿಂದ ಗುಂಡಿ ಒತ್ತಿ ಕುರ್ಚಿಯನ್ನು ಸ್ವಲ್ಪ ತಿರುಗಿಸಿದ. "ಆದ್ರೆ ಅಪ್ಪನ್ನ ಕರೀಬಾರದಿತ್ತು."

"ಅದಕ್ಕೇ ಬಂದೆ."

"ನನ್ನ ಹತ್ರ ಹೇಳಿದ್ರೆ ಆಗಲ್ಲ."

ಹೆಡ್ಲಿ ಅಷ್ಟರಲ್ಲಿ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಿದ್ದ. ಕೆಲಸದ ಬಟ್ಟೆಯಲ್ಲೇ ಇದ್ದ. ಎಮ್ಲಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.  "ತಪ್ಪಾಯ್ತು ಹೆಡ್ಲಿ" ಎಂದ, ಅಷ್ಟೇ. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹೆಡ್ಲಿ ಬಂದು ಮಗನ ಕುರ್ಚಿಯ ಹಿಡಿಕೆ ಹಿಡಿದು ನಿಂತ.

"ಇನ್ನೂರ ಹನ್ನೊಂದು ಸಲ ನೀನು ನನ್ನ ಹೆಸರು ಕರೆದಿದ್ದೀಯ" ಎಂದ. "ಬಟ್ಟೆ ಬದಲಿಸೋ ಕೋಣೇಲಿ ಬೂಟಿನ ಲೇಸು ಕಟ್ತಾ ಕೂತಿರ್ತಿದ್ದೆ. ಹೆದರಿಕೇಲಿ ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ತಿದ್ದೆ. ನೀನು ಮ್ಯಾಡಕ್ ಅಂತ ಎಳೆದು ಕರೆದ ತಕ್ಷಣ ಎಲ್ಲ ಸರಿಹೋಗ್ತಿತ್ತು. ಆ ದನಿ ನನ್ನದು ಅಂದ್ಕೊಂಡಿದ್ದೆ." ಮಗನ ಕಡೆ ನೋಡಿದ. "ಮೊನ್ನೆ ಅದೇ ದನೀಲಿ ಕರೆದೆಯಲ್ಲ ಎಮ್. ಬೇರೆ ದನೀಲಿ ಬೈದಿದ್ರೆ ಆಗ್ತಿತ್ತು."

"ಹೇಳು, ನಾನೇನು ಮಾಡ್ಲಿ?"

"ಏನೂ ಮಾಡೋದು ಬೇಡ. ಹೋಗು ಈಗ. ನಂಗೆ ಕೆಲಸಕ್ಕೆ ಹೊತ್ತಾಯ್ತು."

ಬಾಗಿಲು ಮುಚ್ಚಿತು. ಗುಡ್ಡ ಇಳಿಯುವಾಗ ಎಮ್ಲಿನ್ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಹಾಕಿಕೋ, ಶೀತವಾಗುತ್ತದೆ ಎಂದು ಎರಡು ಸಲ ಹೇಳಿದೆ. ಕೇಳಿಸಲಿಲ್ಲ.

ಆ ವಾರವೆಲ್ಲ ಊರಲ್ಲಿ ಇದೇ ಮಾತು. ಅಧ್ಯಕ್ಷ ಬೊವೆನ್ ಸಮಿತಿ ಸಭೆ ಕರೆದು, ಎಮ್ಲಿನ್ ಮುಂದಿನ ತವರು ಪಂದ್ಯದಲ್ಲಿ ಮೈಕಿನಲ್ಲೇ ಕ್ಷಮೆ ಕೇಳಬೇಕೆಂದು ತೀರ್ಮಾನ ಮಾಡಿಸಿದ. ಬೊವೆನ್‌ಗೆ ಬೇಕಾಗಿದ್ದದ್ದು ತನ್ನ ಹೆಸರು ಕೂಗಿದ್ದಕ್ಕೆ ಕ್ಷಮೆ. ಎಮ್ಲಿನ್ ಒಪ್ಪಿಕೊಂಡ.

ಮೂರು ವಾರದ ಮೇಲೆ ಬಂದ ಆ ಪಂದ್ಯದ ಶನಿವಾರ ಸೋನೆ ಮಳೆ. ಆದರೂ ಒಂದೂವರೆಗೇ ಜನ ಬರತೊಡಗಿದರು. ನಾನು ಆರು ವರ್ಷದಲ್ಲಿ ಕಾಣದಷ್ಟು ಜನ. ನನ್ನ ಗಂಡ ಕೂಡ ಬಂದ, ಕೊಡೆ ಹಿಡಿದುಕೊಂಡು. ರಗ್ಬಿ ನೋಡಲು ಬಂದವರಲ್ಲ ಅವರು. ಮನುಷ್ಯನೊಬ್ಬ ತಲೆ ತಗ್ಗಿಸುವುದನ್ನು ನೋಡಲು ಬಂದವರು. ಕೇಕು ಕೊಡುತ್ತ ಒಬ್ಬೊಬ್ಬರ ಮುಖ ನೋಡಿದೆ. ಹಾಯಾಗಿದ್ದರು. ನಮ್ಮ ಊರಿನ ಬಗ್ಗೆ ನನಗೆ ನಾಚಿಕೆಯಾದ ದಿನ ಯಾವುದೆಂದು ಕೇಳಿದರೆ ನಾನು ಮೂವತ್ತೊಂಬತ್ತು ಜನರ ದಿನವನ್ನು ಹೇಳುವುದಿಲ್ಲ, ಇದನ್ನು ಹೇಳುತ್ತೇನೆ.

ಎಮ್ಲಿನ್ ಮೈಕು ಚಾಲೂ ಮಾಡಿದ. "ಮೂರು ವಾರದ ಹಿಂದೆ ಇಲ್ಲಿಂದ ಕೆಲವರ ಹೆಸರು ಕರೆದೆ. ಒಬ್ಬರನ್ನು ಕರೆಯುವ ಹಕ್ಕು ನನಗಿರಲಿಲ್ಲ. ಅವರು ಇವತ್ತು ಇಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಅವರಲ್ಲಿ ಕ್ಷಮೆ ಕೇಳಿದ್ದೇನೆ, ಮತ್ತೆ ಕೇಳುತ್ತೇನೆ. ಉಳಿದವರ ವಿಷಯ, ಹೇಳಿದ್ದು ನಿಜವೇ. ಇದು ನನ್ನ ಕೊನೆಯ ಪಂದ್ಯ." ಆಮೇಲೆ ಎರಡೂ ತಂಡದ ಆಟಗಾರರ ಹೆಸರು ಓದಿದ. ದ್ವಿತೀಯಾರ್ಧದಲ್ಲಿ ಚೀಟಿ ಬಂತು. ನೂರ ಎಪ್ಪತ್ತಾರು ಎಂದಿತ್ತು. ನೂರ ಎಪ್ಪತ್ತಾರು ಎಂದೇ ಓದಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದರ ಮುಂದಿನ ಪಂದ್ಯಕ್ಕೆ ಬಂದವರು ಐವತ್ತೆರಡು.

ಮೈಕು ಗ್ವೆಂಡಾಳ ಕೈಗೆ ಹೋಯಿತು. ಅವಳದು ತೆಳು ದನಿ. ಅರ್ಧ ಹೆಸರುಗಳು ತಗಡಿನ ಚಾವಣಿಯಲ್ಲೇ ಉಳಿಯುತ್ತವೆ. ಎಮ್ಲಿನ್ ಅವಳ ಗೇಟಿನ ಕೆಲಸ ಕೇಳಿ ತೆಗೆದುಕೊಂಡ. ಒಬ್ಬೊಬ್ಬರು ಒಳಗೆ ಬಂದ ಹಾಗೆಲ್ಲ ಒಂದೊಂದು ಗೆರೆ ಎಳೆಯುತ್ತಾನೆ. ಮೊದಲೆರಡು ತಿಂಗಳು ಅವನೊಂದಿಗೆ ಮಾತಾಡುವವರು ಕಡಿಮೆಯಿದ್ದರು, "ನನ್ನ ಹೆಸರು ಬರ್ಕೊಂಡ್ಯಾ ಎಮ್? ನಾಳೆ ಮೈಕಿನಲ್ಲಿ ಬರುತ್ತಾ?" ಎಂದು ಚುಚ್ಚಿಯೇ ಒಳಗೆ ಹೋಗುವರು. ಅವನು ಗೆರೆ ಎಳೆಯುವನು, ಅಷ್ಟೇ. ಅಂಗಡಿಗೆ ಹೋಗಲು ಹೆಡ್ಲಿಯ ಮನೆ ಮುಂದೆ ಹಾಯುವ ಗ್ರೇಗ್ ಸಾಲಿನ ಹಾದಿ ಹತ್ತಿರ. ಆದರೂ ಕೆಳಗಿನ ಹೊಳೆಯ ಹಾದಿಯಲ್ಲಿ ಸುತ್ತಿ ಹೋಗುತ್ತಿದ್ದ. ಚಾಪೆಲ್‌ನಲ್ಲಿ ಓದುವುದನ್ನು ಮತ್ತೆ ಶುರು ಮಾಡಲೇ ಇಲ್ಲ. ಹೆಡ್ಲಿ ನಮ್ಮ ಬಾರಿಗೆ ಬರುವುದು ಬಿಟ್ಟ. ಅವನ ಕುರ್ಚಿ ಕಿಟಕಿಯ ಹತ್ತಿರ ಹಾಗೇ ಇದೆ; ಈಗ ಯಾರು ಬೇಕಾದರೂ ಕೂರುತ್ತಾರೆ.

ಅದಾಗಿ ಒಂದೂವರೆ ವರ್ಷ ಕಳೆದಿತ್ತು. ಏಪ್ರಿಲ್ ತಿಂಗಳ ಒಂದು ಮಂಗಳವಾರ ನಾನು ಮತ್ತು ಎಮ್ಲಿನ್ ಆಸ್ಪತ್ರೆಯ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಅವನಿಗೆ ಕಣ್ಣಿನ ತಪಾಸಣೆ, ನನಗೆ ಮೊಣಕಾಲು. ಹೆಡ್ಲಿ ಗುಡ್ಡ ಇಳಿದು ಬಂದ. ನಮ್ಮನ್ನು ನೋಡಿ ಒಂದು ಕ್ಷಣ ನಿಧಾನಿಸಿದ, ಆದರೆ ತಿರುಗಿ ಹೋಗಲಿಲ್ಲ. ಬಂದು ತಂಗುದಾಣದ ಇನ್ನೊಂದು ತುದಿಯಲ್ಲಿ ನಿಂತ. ಎಮ್ಲಿನ್ ರಸ್ತೆಯನ್ನೇ ನೋಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು.

"ಶನಿವಾರ ಎಷ್ಟು ಜನ?" ಎಂದು ಹೆಡ್ಲಿ ಕೇಳಿದ. ಅವನೂ ರಸ್ತೆಯನ್ನೇ ನೋಡುತ್ತಿದ್ದ.

ಎಮ್ಲಿನ್ ಗಂಟಲು ಸರಿಮಾಡಿಕೊಂಡ. "ನಲವತ್ತನಾಲ್ಕು."

"ಯೆಸ್ಟಿನ್ ನಲವತ್ತಾರು ಅಂದ."

"ಹಾಗಾದ್ರೆ ನಲವತ್ತಾರೇ ಇರ್ಬೇಕು" ಎಂದ ಎಮ್ಲಿನ್. "ನನ್ನ ಕಣ್ಣು ಈಗ ಅಷ್ಟಕ್ಕಷ್ಟೆ."

ಹೆಡ್ಲಿ ಹೂಂಗುಟ್ಟಿದ. ಬಸ್ಸು ಬಂತು. ಹೆಡ್ಲಿ ಮೊದಲು ಹತ್ತಿ ಹಿಂದಿನ ಸೀಟಿಗೆ ಹೋದ. ಎಮ್ಲಿನ್ ಡ್ರೈವರಿನ ಹಿಂದೆ ನನ್ನ ಪಕ್ಕದಲ್ಲಿ ಕೂತ. ಆಸ್ಪತ್ರೆ ಬರುವವರೆಗೂ ಹಿಂತಿರುಗಿ ನೋಡಲಿಲ್ಲ. ಅವನ ಕೈಗಳು ಮಾತ್ರ ಮೊಣಕಾಲಿನ ಮೇಲೆ ಟೋಪಿಯನ್ನು ಸುತ್ತಿ ಸುತ್ತಿ ತಿರುಗಿಸುತ್ತಿದ್ದವು.